ಹುಲಿ ಹುಡುಗಿಗೆ ಕೋತಿ ಹುಡುಗ

"ಅಮ್ಮಾ! ನಾನು ಹುಟ್ಟಿದ್ದು ಹುಲಿ ವರ್ಷದಲ್ಲಿ. ಇಲ್ಲಿ ಮೊಲ ಅಂತ ಯಾಕೆ ಬರ್ದೆ?"

ವರ್ಷಕ್ಕೊಂದು ಪ್ರಾಣಿಯ ಹೆಸರಿಡುವ ಚೀನಾದ ಚೆಂಗ್ಡುವಿನ ಉದ್ಯಾನದಲ್ಲಿ, ಮಕ್ಕಳ ಮದುವೆಗಾಗಿ ತಾಯಂದಿರು ವಿವರದ ಹಾಳೆ ತೂಗುಹಾಕುವ ಕಡೆ ಶುಲಾನ್ ಕಿರುಚಿದಳು.

"ಮೆಲ್ಲಗೆ ಮಾತಾಡೇ! ಹುಲಿ ಸೊಸೆ ಗಂಡನ್ನ ನುಂಗ್ತಾಳೆ ಅಂತಾರೆ. ಒಂದೇ ವರ್ಷ ತಾನೆ ಆಚೀಚೆ..."

ಶುಲಾನ್ ಸರ್ರನೆ ಹಾಳೆ ಎಳೆದಳು. ಕೈಗೆ ಎರಡು ಬಂದವು!

"ರೀ, ಇನ್ನೊಂದು ನಂದು!" ಬಸ್ ಚಾಲಕನ ಸಮವಸ್ತ್ರದ ಎತ್ತರದ ಯುವಕ ನಕ್ಕ. "ನಾನೂ ಹರಿಯೋಕೇ ಬಂದೆ. ನಾನು ಕೋತಿ ವರ್ಷದವನು. ನಮ್ಮಮ್ಮ ಹುಂಜ ಅಂತ ಬರ್ದಿದಾಳೆ. ಕೋತಿ ಅಂದ್ರೆ ಒಂದು ಕಡೆ ನಿಲ್ಲೋನಲ್ವಂತೆ!"

ಅವನು ಪೆಯ್‌ಲಿನ್. ಆ ನಗು ಅವಳ ನೂಡಲ್ಸ್ ಅಂಗಡಿಗೆ ಬಂತು, ನಾಲ್ಕು ತಿಂಗಳು ಅಲ್ಲೇ ನಿಂತಿತು.

ಮದುವೆಯ ಮಾತೆದ್ದಾಗ ತಾಯಂದಿರು ಜಾತಕ ನೋಡುವ ಮುದುಕನ ಬಳಿ ಹೋದರು.

"ಮೊಲ, ಹುಂಜ? ಎಣ್ಣೆ ಸೀಗೆಕಾಯಿ!"

ಇಬ್ಬರೂ ಗಾಬರಿಯಾಗಿ ನಿಜ ಒಪ್ಪಿಕೊಂಡರು.

"ಹುಲಿ, ಕೋತಿಯೇ? ಅಯ್ಯೋ, ಅವೂ ಬದ್ಧವೈರಿಗಳು!"

ಆಮೇಲೆ ನಾಲ್ಕು ದಿನ ಪೆಯ್‌ಲಿನ್ ಪತ್ತೆಯಿಲ್ಲ. ಫೋನೂ ಇಲ್ಲ.

'ಹೆದರಿಬಿಟ್ಟ... ನನಗೆ ಹೆದರಿಬಿಟ್ಟ!' ಶುಲಾನ್‌ಳ ಎದೆ ಉರಿಯಿತು.

ಐದನೇ ದಿನ ಮಧ್ಯಾಹ್ನ ಅವನ ಬಸ್ ಹತ್ತಿ, ತುಟಿ ಬಿಗಿದು ಕೊನೆಯ ನಿಲ್ದಾಣದವರೆಗೂ ಕೂತಳು. ಎಲ್ಲರೂ ಇಳಿದರು.

"ಹೇಡಿ!"

"ಫೋನನ್ನ ಅಮ್ಮ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ಲು. ಅಮ್ಮನ್ನ ಒಪ್ಪಿಸದೆ ನಿನಗೆ ಹೇಗೆ ಮುಖ ತೋರಿಸಲಿ? ದಿನಾ ಕೆಲಸ ಮುಗಿಸಿ ಒಬ್ಬೊಬ್ಬ ಜಾತಕದವನ ಹತ್ರ ಹೋದೆ. ನಾಲ್ಕು ಜನಾನೂ ಬೇಡ ಅಂದ್ರು..."

ಅವಳ ಕಣ್ಣು ತುಂಬಿತು. "ಅಂದ್ರೆ... ಮುಗೀತಾ?"

"ಬೆಳಿಗ್ಗೆ ಅಮ್ಮನಿಗೆ ಹೇಳ್ದೆ, ನನಗೆ ಮದುವೆ ಅಂತಾದ್ರೆ ಶುಲಾನ್ ಜೊತೆ, ಇಲ್ಲಾಂದ್ರೆ ಇಲ್ಲ ಅಂತ. ಅಮ್ಮ, 'ಇಷ್ಟು ವರ್ಷ ಯಾರೂ ನಿನ್ನ ಕಡೆ ತಿರುಗಿ ನೋಡ್ಲಿಲ್ಲ. ಹೋಗು, ಆ ಹುಲಿಯಾದ್ರೂ ನುಂಗ್ಲಿ' ಅಂದ್ಲು!"

ಅಳುತ್ತಲೇ ಶುಲಾನ್‌ಗೆ ನಗು ಉಕ್ಕಿತು. ಆಗಷ್ಟೇ ಅವನ ಬಾಡಿದ ಮುಖ ಗಮನಿಸಿದಳು.

"ಊಟ ಮಾಡಿದ್ಯಾ?"

"ನಾಲ್ಕು ದಿನದಿಂದ ಸರಿಯಾಗಿ ಇಲ್ಲ."

"ಬಾ," ಎಂದು ಅವನ ಕೈ ಹಿಡಿದಳು. "ಬಡಿಸ್ತೀನಿ."

"ಇವತ್ತೊಂದಿನಾನಾ?"

"ನಿನಗೆ ಸಾಕು ಅನ್ನಿಸೋವರೆಗೂ."

"ಹಾಗಾದ್ರೆ ಬಡಿಸ್ತಾ ಬಡಿಸ್ತಾ ಮುದುಕಿ ಆಗ್ತೀಯ, ಶುಲಾನ್..."

"ಆಗ್ತೀನಿ ಬಿಡು!"