ಬದುಕಿರುವವರ ಪಟ್ಟಿಯಲ್ಲಿ ರೆನಾಟೊ

ಚಂಡಮಾರುತ ಬಂದುಹೋದ ಮೂರನೇ ವಾರ, ಸೋಮವಾರ ಬೆಳಿಗ್ಗೆ, ಲೇಟೆ ದ್ವೀಪದ ಸಾನ್ ರೊಕೆ ಠಾಣೆಗೆ ತುಂಬು ಬಸುರಿಯೊಬ್ಬಳು ಬಂದಳು. ಹೆಸರು ಮಾರಿವಿಕ್. ಅಲೆಗೆ ಸಿಕ್ಕಿ ಕಾಣೆಯಾದ ಗಂಡ, ಬೆಸ್ತ ರೆನಾಟೊನ ಹೆಸರನ್ನು, ಮನೆಯವರನ್ನು ಹುಡುಕಿಕೊಡುವ ಮೊಬೈಲ್ ಸೇವೆಗೆ ಕೊಟ್ಟಿದ್ದಳು. ಕೆಲವೇ ದಿನಗಳಲ್ಲಿ ಅವನ ನಂಬರಿನಿಂದಲೇ ಉತ್ತರ ಬಂದಿತ್ತು: ‘ಬದುಕಿದ್ದೇನೆ.’ ಸೇವೆಯವರು ಅವನನ್ನು ಬದುಕಿರುವವರ ಪಟ್ಟಿಗೆ ಸೇರಿಸಿದರು. ಆಮೇಲೆ ಹೆಣ ಗುರುತಿಸಲು ಅವಳನ್ನು ಯಾರೂ ಕರೆಯಲಿಲ್ಲ.

“ಮೆಸೇಜ್ ಬರುತ್ತೆ ಮೇಡಂ, ಫೋನ್ ಮಾಡಿದ್ರೆ ಎತ್ತಲ್ಲ. ಆಚೆ ದ್ವೀಪ ಸೆಬುನಲ್ಲಿ ಇನ್ನೊಬ್ಬಳನ್ನ ಇಟ್ಕೊಂಡಿದ್ದಾನೆ ಅಂತ ಸಂತ್ರಸ್ತರ ಶಿಬಿರದಲ್ಲೆಲ್ಲ ಆಡ್ಕೊಂಡು ನಗ್ತಾರೆ.”

“ಅಲ್ಲಿ ನಿಮ್ಮ ಜೊತೆ ಯಾರಿದ್ದಾರೆ?”

“ಅತ್ತೆ. ‘ಸುಮ್ನಿರು ಮಗಳೇ, ಬರ್ತಾನೆ’ ಅಂತಾರೆ.”

ಇನ್ಸ್‌ಪೆಕ್ಟರ್ ಲುಸಿಂಡಾ ಎಫ್‌ಐಆರ್ ದಾಖಲಿಸಿಕೊಂಡರು. ಬುಧವಾರ ಫೋನ್ ಕಂಪನಿಯ ಉತ್ತರ ಬಂತು. ಮೆಸೇಜುಗಳೆಲ್ಲ ಹೊರಟಿದ್ದು ಶಿಬಿರದ ಪಕ್ಕದ ಟವರಿನಿಂದಲೇ.

“ಸೆಬು ತುಂಬಾ ಹತ್ರ ಬಂತು ಮೇಡಂ,” ಎಂದ ಕಾನ್‌ಸ್ಟೆಬಲ್ ಎಫ್ರೆನ್. ಲುಸಿಂಡಾ ಜೀಪಿನ ಕೀಲಿ ಎತ್ತಿಕೊಂಡರು.

ಶಿಬಿರವೆಂದರೆ ಚಾವಣಿ ಹಾರಿಹೋದ ಶಾಲೆ. ಅತ್ತೆ ಪರ್ಪೆಟುವಾಳ ಮೂಲೆಯಲ್ಲಿ, ಮೇರಿಮಾತೆಯ ಪಟದ ಮುಂದೆ ಒಂದು ತಟ್ಟೆಯಿತ್ತು: ಅನ್ನ, ಹುರಿದ ಒಣಮೀನು. ಬದುಕಿರುವವರಿಗೆ ಯಾರೂ ಹಾಗೆ ಎಡೆ ಇಡುವುದಿಲ್ಲ.

“ಯಾರಿಗಮ್ಮ ಇದು?”

“ನಮ್ಮ ಯಜಮಾನ್ರಿಗೆ. ತೀರ್ಕೊಂಡು ಆರು ವರ್ಷ ಆಯ್ತು.”

“ಮಾವ ಒಣಮೀನು ಮುಟ್ತಾನೇ ಇರ್ಲಿಲ್ಲ,” ಎಂದಳು ಹಿಂದೆ ನಿಂತಿದ್ದ ಮಾರಿವಿಕ್. “ಅದು ಇಷ್ಟ ಇವರ ಮಗನಿಗೆ.”

ಲುಸಿಂಡಾ ರೆನಾಟೊನ ನಂಬರಿಗೆ ಕರೆ ಮಾಡಿದರು. ಮುದುಕಿಯ ದಿಂಬಿನಡಿ ಏನೋ ಗುಂಯ್‌ಗುಟ್ಟಿತು. ನೀರು ತಾಗದಂತೆ ಬೆಸ್ತರು ಕೊರಳಿಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಚೀಲದಲ್ಲಿ ಫೋನ್ ಇನ್ನೂ ಹಾಗೇ ಇತ್ತು. ಶಾಲೆಯ ಮೇಷ್ಟರ ಸಮಕ್ಷಮ ಪಂಚನಾಮೆ ನಡೆಯಿತು.

“ಹೆಣ ಸಿಕ್ಕಿದ್ದು ನಿಮಗೇನಾ?”

“ನನಗೇ. ತೆಂಗಿನ ಮರಕ್ಕೆ ಸಿಕ್ಕೊಂಡಿದ್ದ.”

“ಯಾಕೆ ಹೇಳ್ಲಿಲ್ಲ?”

“ಇವಳು ಗುಟುಕು ನೀರೂ ಮುಟ್ತಿರ್ಲಿಲ್ಲ ತಾಯಿ. ಮೊದಲ ಮೆಸೇಜ್ ಹೋದ ದಿನ ಎರಡು ಸಲ ಅನ್ನ ಬಡಿಸ್ಕೊಂಡ್ಳು. ಹೆರಿಗೆ ಆಗ್ಲಿ, ಆಮೇಲೆ ಹೇಳೋಣ ಅಂತ...”

ಸಾವನ್ನು ಮುಚ್ಚಿಟ್ಟು ಸುಳ್ಳು ಮಾಹಿತಿ ಕೊಟ್ಟ ಆರೋಪದ ಮೇಲೆ ಪರ್ಪೆಟುವಾಳನ್ನು ಬಂಧಿಸಲಾಯಿತು. ಜೀಪು ಹೊರಡುವ ಹೊತ್ತಿಗೆ ಮಾರಿವಿಕ್ ಬಂದು ಬಾಗಿಲು ಹಿಡಿದಳು.

“ಠಾಣೆಗೆ ಆಮೇಲೆ ಹೋಗ್ಲಿ ಮೇಡಂ. ಅವನನ್ನ ಎಲ್ಲಿ ಹೂತಿದ್ದಾರೆ ಅಂತ ಮೊದ್ಲು ತೋರಿಸ್ಲಿ.”

ಪರ್ಪೆಟುವಾ ತಲೆ ಎತ್ತಲಿಲ್ಲ.

“ಹೆಣ ಎತ್ತೋರು ಬಂದು ಲಾರೀಲಿ ಹಾಕ್ಕೊಂಡು ಹೋದ್ರು. ಎಲ್ಲಿಗೆ ಅಂತ ನಾನು ಕೇಳ್ಲಿಲ್ಲ. ಕೇಳಿದ್ರೆ ಅವನ ಹೆಸರು ಕೇಳಿ ಬರ್ಕೊಳ್ತಿದ್ರು, ಮಗಳೇ.”