ಮೂರನೆಯ ಜಡ್ಜ್‌ಗೆ ಬರೆದ ಅರ್ಜಿ

ಜನವರಿಯ ಒಂದು ಮಧ್ಯಾಹ್ನ ಕೋರ್ಟಿನ ಕ್ಯಾಂಟೀನಿನಲ್ಲಿ ಚೆರ್ರಿ ಪೈ ಒಂದೇ ಒಂದು ತುಂಡು ಉಳಿದಿತ್ತು. ಅಡೆಲ್ ಕ್ರಾಮರ್ ಕೈ ಚಾಚಿದಳು. ಪಕ್ಕದಿಂದ ಇನ್ನೊಂದು ಕೈಯೂ ಬಂತು, ಬಂದಷ್ಟೇ ಬೇಗ ಹಿಂದಕ್ಕೂ ಹೋಯಿತು.

"ತಗೊಳ್ಳಿ ಮೇಡಂ. ನನಗೆ ಸೋತು ಅಭ್ಯಾಸ ಇದೆ. ಬಡ ಕೈದಿಗಳ ವಕೀಲ ನಾನು."

ಅವಳಿಗೆ ನಗು ಬಂತು. ತಲೆ ಎತ್ತಿದರೆ ಉದ್ದನೆಯ ಮೂಗು, ಓರೆ ಟೈ, ನಿದ್ದೆಗೆಟ್ಟ ಕಣ್ಣು. ಆ ಕಣ್ಣು ಮಾತ್ರ ಪೈ ಬಿಟ್ಟು ಅವಳನ್ನೇ ನೋಡುತ್ತಿತ್ತು. ಹೆಸರು ಡೆಸ್ಮಂಡ್ ಟಿಲ್ಮನ್ ಎಂದ. ಅಷ್ಟು ಕೇಳಿದ್ದೇ ತಡ, ಅವಳ ನಗು ನಿಂತುಹೋಯಿತು. ಆ ಹೆಸರನ್ನು ಅವಳು ಎರಡು ತಿಂಗಳ ಹಿಂದೆ ಓದಿದ್ದಳು, ವರ್ಜಿಲ್ ಹ್ಯಾಸ್ಕೆಟ್ ಎಂಬ ಕೈದಿಯ ಫೈಲಿನಲ್ಲಿ, ಅವನ ವಕೀಲನೆಂದು.

ಅಡೆಲ್ ಮೇಲ್ಮನವಿ ಕೋರ್ಟಿನಲ್ಲಿ ಜಡ್ಜ್ ಥೇಯರ್ ಎಂಬ ವಯಸ್ಸಾದ ಹೆಂಗಸಿನ ಲಾ ಕ್ಲರ್ಕ್. ಹೆಸರು ಕ್ಲರ್ಕ್ ಆದರೂ ಕೆಲಸ ಗುಮಾಸ್ತೆಯದಲ್ಲ. ಹೊಸ ವಕೀಲರು ಒಂದು ವರ್ಷ ಜಡ್ಜ್ ಪಕ್ಕದ ಕೋಣೆಯಲ್ಲಿ ಕೂತು ತೀರ್ಪಿನ ಕರಡು ಬರೆಯುತ್ತಾರೆ. ಬರೆದದ್ದನ್ನು ಬದುಕಿಡೀ ಯಾರಿಗೂ ಹೇಳುವಂತಿಲ್ಲ. ಹ್ಯಾಸ್ಕೆಟ್‌ನ ತೀರ್ಪಿನ ಕರಡು ಬರೆದದ್ದು ಅವಳೇ.

ವಕೀಲ ಸಿಗುವ ಮುಂಚೆ ಹ್ಯಾಸ್ಕೆಟ್ ತಾನೇ ಬರೆದು ಕೊಟ್ಟ ಅರ್ಜಿ ಒಂದು ದಿನ ತಡವಾಗಿತ್ತು, ಗಡುವು ಗುರುವಾರ. ಕೈದಿಯ ಕಾಗದ ಜೈಲಿನ ಗಾರ್ಡ್ ಕೈ ಸೇರಿದ ದಿನವೇ ಸಲ್ಲಿಸಿದ ದಿನ ಎಂದು ಲೆಕ್ಕ. ಗುರುವಾರವೇ ಕೊಟ್ಟೆ ಎಂದು ಹ್ಯಾಸ್ಕೆಟ್ ಹೇಳಿದ್ದ. ಆದರೆ ಹಾಗೆಂದು ಪ್ರಮಾಣ ಮಾಡುವ ಒಂದು ಸಾಲನ್ನು ಕೆಳಗೆ ಬರೆಯಬೇಕಿತ್ತು, ಅದನ್ನು ಅವನು ಬರೆದಿರಲಿಲ್ಲ. ಠಸ್ಸೆಯಲ್ಲಿದ್ದದ್ದು ಶುಕ್ರವಾರ. ಅಡೆಲ್ ಮೂರು ವಾರ ಹಳೆಯ ತೀರ್ಪುಗಳನ್ನೆಲ್ಲ ಜಾಲಾಡಿದಳು, ದಾರಿ ಸಿಗಲಿಲ್ಲ. ಕೊನೆಗೆ ಅರ್ಜಿ ವಜಾ ಎಂದು ಹನ್ನೊಂದು ಪುಟ ಬರೆದಳು. ಕಾನೂನಿನ ಮಟ್ಟಿಗೆ ಒಂದಕ್ಷರ ತಪ್ಪಿರಲಿಲ್ಲ.

ಇಷ್ಟಾಗಿಯೂ ಅವಳು ಡೆಸ್ಮಂಡ್‌ನನ್ನು ಪ್ರೀತಿಸಿದಳು. ಮಾತಾಡುವಾಗ ಅವನು ಉಪ್ಪಿನ ಡಬ್ಬಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಅವಳು ನೋಡುತ್ತಿದ್ದಾಳೆಂದು ಗೊತ್ತಾದರೆ ಇನ್ನೂ ನಿಧಾನವಾಗಿ ತಿರುಗಿಸುತ್ತಿದ್ದ. ಫೆಬ್ರವರಿಯಲ್ಲಿ ಅವಳು ಜಡ್ಜ್‌ಗೆ ತಮ್ಮಿಬ್ಬರ ವಿಷಯ ತಿಳಿಸಿದಳು. ಅಂದಿನಿಂದ ಅವನ ಕಚೇರಿಯ ಒಂದು ಫೈಲೂ ಅವಳ ಮೇಜಿಗೆ ಬರಲಿಲ್ಲ.

ಮಾರ್ಚಿನಲ್ಲಿ ಅವನೇ ಸುದ್ದಿ ತಂದ. ಹ್ಯಾಸ್ಕೆಟ್ ಜೈಲಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ, ಹೃದಯ ನಿಂತು. ಅಡೆಲ್ ಡೆಸ್ಮಂಡ್‌ನ ಕೈ ಹಿಡಿದು ಕೂತಳು. ಆ ತೀರ್ಪು ಬರೆದದ್ದು ತಾನು ಎಂದು ಹೇಳುವಂತಿರಲಿಲ್ಲ.

ಅಲ್ಲಿಂದ ಆ ಅರ್ಜಿಯ ಅಕ್ಷರಗಳು ಅವಳ ಬೆನ್ನು ಬಿದ್ದವು. ಹ್ಯಾಸ್ಕೆಟ್ ಪೆನ್ಸಿಲ್ಲಿನಲ್ಲಿ ದಪ್ಪ ದಪ್ಪಗೆ, ಕಾಗದ ತೂತಾಗುವಷ್ಟು ಒತ್ತಿ ಬರೆಯುತ್ತಿದ್ದ. ಬಸ್ಸಿನ ಫಲಕದಲ್ಲಿ, ಹೋಟೆಲಿನ ತಿಂಡಿ ಪಟ್ಟಿಯಲ್ಲಿ, ಸ್ನಾನದ ಮನೆಯ ಮಬ್ಬು ಕನ್ನಡಿಯಲ್ಲಿ ಅವಳಿಗೆ ಕಂಡದ್ದು ಅದೇ ಅಕ್ಷರ, ಅದೇ ಸಾಲು: ಗುರುವಾರವೇ ಕೊಟ್ಟೆ.

ಅವಳು ದೂರದ ಮೊಂಟಾನಾ ರಾಜ್ಯದ ಒಬ್ಬ ಜಡ್ಜ್‌ಗೆ ಲಾ ಕ್ಲರ್ಕ್ ಕೆಲಸಕ್ಕೆಂದು ಅರ್ಜಿ ಹಾಕಿದಳು. ಜಿಲ್ಲಾ ಕೋರ್ಟಿನಲ್ಲಿ ಒಂದು ವರ್ಷ ಮುಗಿದಿತ್ತು, ಇಲ್ಲಿಯದು ಆಗಸ್ಟಿಗೆ ಮುಗಿಯುತ್ತಿತ್ತು, ಇದು ಮೂರನೆಯದು. ಶಿಫಾರಸು ಪತ್ರಕ್ಕೆ ಸಹಿ ಮಾಡುವಾಗ ಥೇಯರ್ ಕನ್ನಡಕದ ಮೇಲಿಂದ ನೋಡಿದರು. ಮೊದಲ ವರ್ಷ ಕಲಿಯೋಕೆ, ಎರಡನೇದು ಕಲಿತದ್ದು ಸಾಲದು ಅಂತ ತಿಳಿಯೋಕೆ, ಮೂರನೇದು ಯಾಕೆ ಎಂದು ಕೇಳಿದರು. ಅಲ್ಲಿ ಬೆಟ್ಟಗಳು ಚೆನ್ನಾಗಿವೆ ಎಂದಳು ಅಡೆಲ್. ಮುದುಕಿಗೆ ನಗು ಬರಲಿಲ್ಲ.

"ಹ್ಯಾಸ್ಕೆಟ್ ತೀರ್ಪಿಗೆ ಸಹಿ ಹಾಕಿದ್ದು ನಾನು ಮಗೂ, ನೀನಲ್ಲ. ಅದನ್ನ ಹೊರಬೇಕಾದವಳು ನಾನು."

ಆ ಮಾತಿನಿಂದ ಸಮಾಧಾನವಾಗಬೇಕಿತ್ತು. ಅಡೆಲ್‌ಗೆ ನಾಚಿಕೆಯಾಯಿತು. ಇನ್ನೊಬ್ಬರ ಸಹಿಯ ಕೆಳಗೆ ಇನ್ನೂ ಒಂದು ವರ್ಷ ಬೆಚ್ಚಗಿರಲು ಹೊರಟವಳು ತಾನು ಎಂದು ಅವಳಿಗೆ ಗೊತ್ತಿತ್ತು.

ಮೊಂಟಾನಾದ ಸಂದರ್ಶನ ಚೆನ್ನಾಗಿಯೇ ಆಯಿತು. ಇನ್ನು ಉಳಿದದ್ದು ಜಡ್ಜ್‌ನ ಫೋನು. ಈ ಕೆಲಸಕ್ಕೊಂದು ಅಲಿಖಿತ ಕಟ್ಟಳೆ ಉಂಟು. ಜಡ್ಜ್ ಬಾಯಿಬಿಟ್ಟು 'ಬರ್ತೀಯಾ' ಎಂದು ಕೇಳಿದರೆ ಆ ಕ್ಷಣವೇ ಹೂಂ ಅನ್ನಬೇಕು. ಯೋಚಿಸಿ ಹೇಳುತ್ತೇನೆ ಅನ್ನುವಂತಿಲ್ಲ, ಇಲ್ಲ ಅನ್ನುವ ಮಾತಂತೂ ದೂರ.

ಗುರುವಾರ ಊಟಕ್ಕೆ ಡೆಸ್ಮಂಡ್ ಅವಳನ್ನು ಮಾಮೂಲಿ ಹೋಟೆಲಿಗೆ ಕರೆದುಕೊಂಡು ಹೋದ. ಸ್ಪಗೆಟ್ಟಿಯ ಮೇಲೆ ಚಿಲ್ಲಿ ಎಂಬ ಖಾರದ ಮಾಂಸದ ಗೊಜ್ಜು, ಅದರ ಮೇಲೆ ಗುಡ್ಡದಷ್ಟು ಚೀಸ್. ಮೊಂಟಾನಾದ ವಿಷಯವನ್ನು ಅಡೆಲ್ ಅಲ್ಲೇ ಹೇಳಿದಳು.

ಅವನು ಫೋರ್ಕ್ ಕೆಳಗಿಟ್ಟ. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ನೀನಲ್ಲ. ಒಂದು ವಿಷಯ ಇದೆ ಡೆಸ್. ನಾನು ಮುದುಕಿಯಾದ್ರೂ ಅದನ್ನ ನಿನಗೆ ಹೇಳೋ ಹಾಗಿಲ್ಲ. ಗೊತ್ತಾದ್ರೆ ನೀನು ಈ ಮೇಜಲ್ಲಿ ಕೂರಲ್ಲ."

ಅವನು ಉಪ್ಪಿನ ಡಬ್ಬಿ ತೆಗೆದುಕೊಂಡ. ತಿರುಗಿಸಲಿಲ್ಲ, ಸುಮ್ಮನೆ ಹಿಡಿದುಕೊಂಡ.

"ನಾನು ಸೋತ ಒಂದು ತೀರ್ಪಿದೆ," ಎಂದ. "ಹನ್ನೊಂದು ಪುಟ. ಎಲ್ಲ ಕಡೆ 'ಅರ್ಜಿದಾರ', 'ಅರ್ಜಿದಾರ' ಅಂತಿದೆ, ಎಲ್ಲರೂ ಬರೆಯೋ ಹಾಗೆ. ಕೊನೇ ಸಾಲಲ್ಲಿ ಮಾತ್ರ 'ಮಿಸ್ಟರ್ ಹ್ಯಾಸ್ಕೆಟ್' ಅಂತಿದೆ. ಅವನಿಗೆ ಅದನ್ನ ಓದಿ ಹೇಳಿದೆ. ಅಷ್ಟು ಜನರಲ್ಲಿ ಯಾರೋ ಒಬ್ಬರಿಗಾದ್ರೂ ನನ್ನ ಹೆಸರು ನೆನಪಿತ್ತಲ್ಲ ಅಂದ."

ಅಡೆಲ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲಿ ತಟ್ಟೆ ಎತ್ತೋರನ್ನೂ ನೀನು ಹೆಸರು ಹಿಡಿದೇ ಕರೀತೀಯ," ಅವನು ಮುಂದುವರಿಸಿದ. "ಎರಡನೇ ವಾರಕ್ಕೇ ನನಗೆ ಅನುಮಾನ ಬಂತು. ನಾನು ಏನೂ ಕೇಳ್ತಿಲ್ಲ, ನೀನೂ ಏನೂ ಹೇಳ್ಬೇಡ. ಆದ್ರೆ ನಾನು ಈ ಮೇಜಲ್ಲಿ ಕೂತು ನಾಲ್ಕು ತಿಂಗಳಾಯ್ತು, ತಾಯಿ."

ಅವಳ ಕಣ್ಣಿಂದ ನೀರು ಬಳಬಳನೆ ಇಳಿಯಿತು. ಪೇಪರ್ ನ್ಯಾಪ್‌ಕಿನ್ ಸಾಲದೆ ಅವನ ಓರೆ ಟೈಯನ್ನೇ ಎಳೆದು ಒರೆಸಿಕೊಂಡಳು. ಅದು ನನ್ನ ಕೋರ್ಟಿನ ಟೈ ಎಂದು ಅವನು ಗೊಣಗಿದ, ಬಿಡಿಸಿಕೊಳ್ಳಲಿಲ್ಲ.

ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮೊಂಟಾನಾದ ನಂಬರು.

ಇಬ್ಬರೂ ಅದನ್ನು ನೋಡಿದರು. ಡೆಸ್ಮಂಡ್‌ನ ಮುಖ ಬಿಳುಚಿತು. ಕಟ್ಟಳೆ ಅವನಿಗೂ ಗೊತ್ತಿತ್ತು. ಎತ್ತಿಕೋ ಎಂದು ಅವನೇ ಫೋನನ್ನು ಅವಳತ್ತ ಸರಿಸಿದ.

ಅಡೆಲ್ ಎತ್ತಿಕೊಂಡಳು. ಆ ಕಡೆಯಿಂದ ಮುದಿ ದನಿ ಉಲ್ಲಾಸದಿಂದ ನಮಸ್ಕಾರ ಹೇಳಿ, ಉಸಿರೆಳೆದುಕೊಂಡಿತು. ಪ್ರಶ್ನೆ ಇನ್ನೂ ಬಂದಿರಲಿಲ್ಲ.

"ಸರ್, ನೀವು ಏನಾದ್ರೂ ಕೇಳೋಕೆ ಮುಂಚೆ ಒಂದು ಮಾತು. ನನ್ನ ಅರ್ಜಿಯನ್ನ ವಾಪಸ್ ತಗೋತಿದೀನಿ. ಕ್ಷಮಿಸಿ."

ಕಾರಣ ಕೇಳಬಹುದೇ ಎಂದಿತು ದನಿ, ಸ್ವಲ್ಪ ತಣ್ಣಗೆ.

"ಇನ್ಮೇಲೆ ಬರೆದದ್ದಕ್ಕೆ ನಾನೇ ಸಹಿ ಹಾಕಬೇಕು ಅನ್ನಿಸಿದೆ ಸರ್."

ಅವಳು ಫೋನ್ ಕೆಳಗಿಟ್ಟಳು. ಗೋಡೆಯ ತಿಂಡಿ ಪಟ್ಟಿಯಲ್ಲಿ ಆ ದಪ್ಪ ಅಕ್ಷರಗಳು ಹಾಗೆಯೇ ಇದ್ದವು. ಹೋಗುತ್ತವೆಂದು ಅವಳು ಅಂದುಕೊಂಡೂ ಇರಲಿಲ್ಲ.

ಡೆಸ್ಮಂಡ್ ಉಪ್ಪಿನ ಡಬ್ಬಿಯನ್ನು ನಿಧಾನವಾಗಿ ತಿರುಗಿಸಿದ. "ನಂದೂ ಒಂದು ಪ್ರಶ್ನೆ ಇದೆ. ಕೇಳೋಕೆ ಮುಂಚೆ ವಾಪಸ್ ಗೀಪಸ್ ಅನ್ಬೇಡ."

"ಕೇಳು."

"ಭಾನುವಾರ ಹ್ಯಾಸ್ಕೆಟ್ ಸಮಾಧಿಗೆ ಹೂ ಇಡೋಕೆ ಹೋಗ್ತಿದೀನಿ. ಒಬ್ಬನೇ ಹೋಗೋಕೆ ಧೈರ್ಯ ಸಾಲ್ತಿಲ್ಲ. ಬರ್ತೀಯಾ?"

ಕಟ್ಟಳೆಯ ಪ್ರಕಾರವೇ ಅವಳು ಯೋಚಿಸಲು ನಿಲ್ಲಲಿಲ್ಲ. "ಹೂಂ," ಎಂದಳು.