ಯಾರೂ ಹಾಕದ ಒಂದು ಲೀಟರ್

ಕಾರು ಕೆಳಗಿಳಿಯುತ್ತಿತ್ತು.

ಅದರ ಕೆಳಗೆ ನಾನಿದ್ದೆ!

“ನಿಜ ಹೇಳ್ತೀರೋ... ಪೂರ್ತಿ ಇಳಿಸ್ಲೋ?”

ಲಿಫ್ಟಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟು ನಿಂತಿದ್ದವನು ಕೆಂಪರಾಜು. ಹುಳಿಮಾವಿನವನು. ಆರಡಿ ಎತ್ತರ, ಅದಕ್ಕೆ ತಕ್ಕ ಅಗಲ, ಎರಡನ್ನೂ ಮೀರಿದ ಕೋಪ.

“ಯಾವ ನಿಜ?” ಎಂದೆ. ಮೊಣಕಾಲು ಬಗ್ಗಿಸಿದೆ. ಕಾರಿನ ತಳ ಆಗಲೇ ನನ್ನ ತಲೆಗೂದಲಿಗೆ ತಾಗುತ್ತಿತ್ತು.

“ವೇಣು ಹಾಕಿದ್ದು ಡೂಪ್ಲಿಕೇಟ್ ಆಯಿಲ್ ಅನ್ನೋ ನಿಜ!”

“ಅದನ್ನ ನೋಡೋಕೇ ಕೆಳಗೆ ನಿಂತಿರೋದು ಸ್ವಾಮಿ. ನನ್ನನ್ನ ಚಪ್ಪಟೆ ಮಾಡಿದ್ರೆ ರಿಪೋರ್ಟ್ ಯಾರು ಬರೀತಾರೆ?”

ಯೋಚಿಸಿದ. ಹೆಬ್ಬೆರಳು ಎತ್ತಿದ. ಲಿಫ್ಟ್ ನಿಂತಿತು.

ನಾನು ಗತ್ತಿನಿಂದ ಹೊರಗೆ ನಡೆದು ಬಂದೆ ಅಂತ ನಿಮಗೆ ಹೇಳಬಹುದು. ಸುಳ್ಳು. ತೆವಳಿಕೊಂಡು ಬಂದೆ.

ನನ್ನ ಹೆಸರು ವನಿತಾ. ಹನ್ನೆರಡು ವರ್ಷ ಇನ್ಶೂರೆನ್ಸ್ ಕಂಪನಿಯೊಂದರಲ್ಲಿ ಗುದ್ದಿದ ಕಾರು, ಸುಟ್ಟ ಕಾರು, ಕೆರೆಗೆ ಬಿದ್ದ ಕಾರು ನೋಡಿಕೊಂಡಿದ್ದವಳು. ಈಗ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಕಾಂಡಿಮೆಂಟ್ಸ್ ಅಂಗಡಿಯ ಮೇಲೆ ಸ್ವಂತ ಆಫೀಸು. ಗಾಡಿ ವಿಷಯದಲ್ಲಿ ಯಾರು ಯಾರಿಗೆ ಟೋಪಿ ಹಾಕಿದರು ಅಂತ ಹುಡುಕಿ ಕೊಡುವುದು ಕೆಲಸ. ಕೆಳಗಿನ ಅಂಗಡಿಯವನು ಬಿಸಿ ಕೋಡುಬಳೆ ತೆಗೆದಾಗ ಮಾತ್ರ ರಜೆ.

ವೇಣು ನನ್ನ ತಮ್ಮನಂಥವನು. ಜೆ.ಪಿ. ನಗರ ಏಳನೇ ಫೇಸಿನಲ್ಲಿ ಗ್ಯಾರೇಜು. ಜಾಗ ಕೆಂಪರಾಜುವಿನ ಮನೆಯವರದು. ಅವತ್ತು ಮಧ್ಯಾಹ್ನ ಫೋನ್ ಮಾಡಿದ.

“ಅಕ್ಕಾ, ಐದು ಗಂಟೆಗೆ ಶಟರ್‌ಗೆ ಬೀಗ ಹಾಕ್ತಾರಂತೆ. ಹದಿನಾಲ್ಕು ವರ್ಷದ ಗ್ಯಾರೇಜ್ ಅಕ್ಕಾ... ಬೇಗ ಬಾ!”

ವಿಷಯ ಇಷ್ಟು. ಕೆಂಪರಾಜು ತನ್ನ ಅಪ್ಪ ಚಿಕ್ಕಬೈರಪ್ಪನವರಿಗೆ ಹೊಸ ಕಾರು ಕೊಡಿಸಿದ್ದ. ಟರ್ಬೋ ಇಂಜಿನ್ನು, ಮುಟ್ಟಿದರೆ ಓಡುತ್ತದೆ. ಎರಡು ತಿಂಗಳ ಹಿಂದೆ ವೇಣು ಅದಕ್ಕೆ ಆಯಿಲ್ ಬದಲಾಯಿಸಿದ್ದ. ನಿನ್ನೆ ಬನ್ನೇರುಘಟ್ಟ ರಸ್ತೆಯ ನಡುವೆ ಕಾರು ಗೊರಗೊರ ಅಂದಿತು. ಹಿಂದಿನಿಂದ ನೀಲಿ ಹೊಗೆ. ಮುಂದೆ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ.

“ಒಳಗೆ ನಮ್ಮಪ್ಪ ಇದ್ರು ಮೇಡಂ!” ಕೆಂಪರಾಜು ಗುಡುಗಿದ. “ಎಪ್ಪತ್ತೆರಡು ವಯಸ್ಸು! ಹಿಂದೆ ಬಸ್ಸು, ಪಕ್ಕದಲ್ಲಿ ಟ್ಯಾಂಕರ್ರು! ಏನಾದ್ರೂ ಆಗಿದ್ರೆ? ಅವ್ರ ಕೈಯಿಂದ ಕೀ ಇಸ್ಕೊಂಡ್ಬಿಟ್ಟಿದ್ದೀನಿ. ಇನ್ಮೇಲೆ ಓಡಿಸೋದೇ ಬೇಡ!”

ಕೊನೆಯ ಮಾತಿಗೆ ದನಿ ಒಂಚೂರು ಒಡೆಯಿತು. ಸರಿ, ಕೇಡಿಗನಲ್ಲ. ಅಪ್ಪನ ಮೇಲೆ ಪ್ರಾಣ ಇಟ್ಟುಕೊಂಡ ಗೂಳಿ. ಇಂಥವರೇ ಹೆಚ್ಚು ಅಪಾಯ.

“ಯಾವ ಆಯಿಲ್ ಹಾಕಿದ್ದೆ ವೇಣು?”

“ಫುಲ್ ಸಿಂಥೆಟಿಕ್ ಅಕ್ಕಾ. ಝೀರೋ ಡಬ್ಲ್ಯೂ ಟ್ವೆಂಟಿ. ಮ್ಯಾನುಯಲ್‌ನಲ್ಲಿ ಅದೇ ಬರೆದಿದ್ದಾರೆ.”

“ನಂಗೂ ತೋರಿಸ್ದ ಆ ಡಬ್ಬ!” ಕೆಂಪರಾಜು ಕೈ ಬೀಸಿದ. “ನೀರಿದ್ದಂಗಿದೆ! ಅದೂ ಒಂದು ಆಯಿಲ್ಲಾ?”

“ಅಣ್ಣ, ಹೊಸ ಇಂಜಿನ್ನು. ಒಳಗೆ ಸಂದುಗಳೆಲ್ಲ ಕೂದಲೆಳೆಯಷ್ಟು. ಬೆಳಗ್ಗೆ ಕೀ ತಿರುಗಿಸಿದ ತಕ್ಷಣ ಆಯಿಲ್ ಟರ್ಬೋವರೆಗೂ ಓಡ್ಬೇಕು. ತೆಳ್ಳಗಿದ್ರೇನೇ ಓಡೋದು.”

“ಗಟ್ಟಿ ಇದ್ದಿದ್ದೇ ಶಕ್ತಿ! ಚಿಕ್ಕ ಮಗೂಗೂ ಗೊತ್ತು!”

ನಾನು ಇಬ್ಬರ ನಡುವೆ ನಿಂತೆ. “ಕಾರು ಪೂರ್ತಿ ಇಳಿಸಿ. ಈ ಸಲ ನಾನು ಆಚೆ ಇರ್ತೀನಿ.”

ಇಳಿಯಿತು. ಐದು ನಿಮಿಷ ಬಿಟ್ಟು ಬಾನೆಟ್ ಎತ್ತಿದೆ. ಆಯಿಲ್ ಅಳೆಯುವ ಕಡ್ಡಿ ಎಳೆದೆ, ಒರೆಸಿದೆ, ಮತ್ತೆ ಅದ್ದಿ ತೆಗೆದೆ. ಕಡ್ಡಿಯಲ್ಲಿ ಎರಡು ಗುರುತು ಇರುತ್ತವೆ. ಆಯಿಲ್ ಅವುಗಳ ಮಧ್ಯೆ ಇರಬೇಕು. ಇಲ್ಲಿ ಮೇಲಿನ ಗುರುತು ದಾಟಿ ಎರಡು ಬೆರಳು ಮೇಲಿತ್ತು!

ಪೆಟ್ರೋಲ್ ಸೋರಿ ಸೇರಿಕೊಂಡಿದೆಯಾ ಅಂತ ಮೂಸಿದೆ. ವಾಸನೆ ಇಲ್ಲ. ಬೆರಳ ನಡುವೆ ಉಜ್ಜಿದೆ. ತೆಳ್ಳಗಿಲ್ಲ, ಅಂಟು ಅಂಟು.

“ವೇಣು, ಆಯಿಲ್ ಎಲ್ಲಾ ಇಳಿಸು. ಅಳೆದು ಇಳಿಸು.”

ಇಳಿಸಿದ. ಅಳೆದ. ಮುಖ ಬಿಳಿಚಿಕೊಂಡಿತು.

“ನಾಲ್ಕೂವರೆ ಲೀಟರ್ ಅಕ್ಕಾ... ನಾನು ಹಾಕಿದ್ದು ಮೂರೂವರೆ!”

“ಸಿಕ್ಕಿಬಿದ್ದ!” ಎಂದು ಕೆಂಪರಾಜು ತೋಳು ಮಡಚಿದ.

“ಅಲ್ಲಣ್ಣ, ನೋಡಿ!” ವೇಣು ಫೋನ್ ಮುಂದೆ ಹಿಡಿದ. ಅವನದೊಂದು ಪದ್ಧತಿ. ಗಿರಾಕಿಯ ಎದುರಿಗೇ ಡಬ್ಬದ ಸೀಲ್ ಒಡೆಯುತ್ತಾನೆ, ಎದುರಿಗೇ ಸುರಿಯುತ್ತಾನೆ, ಹೊಸ ಫಿಲ್ಟರ್ ಕೈಗೆ ಕೊಟ್ಟು ತೋರಿಸುತ್ತಾನೆ. ಕೊನೆಗೆ ಕಡ್ಡಿಯ ಫೋಟೋ. ಆ ಫೋಟೋದಲ್ಲಿ ಆಯಿಲ್ ಸರಿಯಾಗಿ ಗುರುತಿನ ಮೇಲೇ ಇತ್ತು. ಹಿಂದೆ ಚಿಕ್ಕಬೈರಪ್ಪನವರು ಕತ್ತು ಉದ್ದ ಮಾಡಿ ಬಾನೆಟ್ಟಿನೊಳಗೆ ಇಣುಕುತ್ತಿದ್ದರು.

“ಫೋಟೋ ಆದ್ಮೇಲೆ ಹಾಕಿರ್ಬೋದು” ಎಂದ ಕೆಂಪರಾಜು.

ಒಂದು ಲೀಟರ್ ಗಟ್ಟಿ ಆಯಿಲ್. ಆಕಾಶದಿಂದ ಉದುರಲ್ಲ. ಡಿಕ್ಕಿ ತೆಗೆಸಿದೆ. ಸ್ಟೆಪ್ನಿ ಎತ್ತಿದೆ. ಅದರಡಿ ಒಂದು ಬಟ್ಟೆ ಚೀಲ. ಚೀಲದೊಳಗೆ ಎಣ್ಣೆ ಹತ್ತಿದ ಲಾಳಿಕೆ. ಚೀಲದ ಮೇಲೆ ಅಚ್ಚು: ಯಲ್ಲಪ್ಪ ಆಯಿಲ್ ಸ್ಟೋರ್ಸ್, ತಿಲಕ್ ನಗರ.

“ಇದು ನಿಮ್ದಾ?”

“ನಂದಲ್ಲ.”

“ನಂದೂ ಅಲ್ಲ ಅಕ್ಕಾ” ಎಂದ ವೇಣು.

ಗಂಟೆ ಎರಡು. ಸ್ಕೂಟರ್ ಸ್ಟಾರ್ಟ್ ಮಾಡಿದೆ. ಹಿಂದಿನ ಟೈರು ಧಸಕ್ಕನೆ ಕುಸಿಯಿತು. ತಿರುಗಿ ನೋಡಿದರೆ ಕೆಂಪರಾಜು ಕೂತಿದ್ದಾನೆ!

“ನಾನೂ ಬರ್ತೀನಿ. ನೀವಿಬ್ರೂ ಸೇರಿ ಏನಾದ್ರೂ ಸಾಕ್ಷಿ ಹುಟ್ಟಿಸ್ಬಿಟ್ರೆ?”

ತಿಲಕ್ ನಗರದವರೆಗೂ ನನ್ನ ಸ್ಕೂಟರ್ ಅಳುತ್ತಲೇ ಹೋಯಿತು. ಯಲ್ಲಪ್ಪನ ಅಂಗಡಿ ಸಣ್ಣದು. ಅರವತ್ತು ದಾಟಿದ ತೆಳ್ಳನೆಯ ಆಸಾಮಿ ಗಲ್ಲಾದಲ್ಲಿ ಕೂತು ಟೀ ಕುಡಿಯುತ್ತಿದ್ದ. ನಾನು ಚೀಲ ಎತ್ತಿ ಹಿಡಿದೆ. ಅವನು ಚೀಲ ನೋಡಿದ. ನನ್ನನ್ನು ನೋಡಿದ. ನನ್ನ ಹಿಂದಿದ್ದ ಕೆಂಪರಾಜುವನ್ನು ನೋಡಿದ...

ಟೀ ಲೋಟ ನೆಲಕ್ಕೆ. ಆಸಾಮಿ ಹಿಂದಿನ ಬಾಗಿಲಿಂದ ಮಾಯ!

“ಹಿಡೀರಿ!”

ನಾನು ಓಡಿದೆ. ಗಲ್ಲಿಯಲ್ಲಿ ಸೊಪ್ಪಿನ ಗಾಡಿ. ಪಕ್ಕಕ್ಕೆ ಸರಿದೆ. ಸೋಫಾ ರಿಪೇರಿಯವನ ಹತ್ತಿಯ ರಾಶಿ. ಹಾರಿದೆ. ಪೂರ್ತಿ ಹಾರಲಿಲ್ಲ. ಹತ್ತಿ ಮೆತ್ತಿಕೊಂಡೇ ಎದ್ದು ಓಡಿದೆ. ಕೆಂಪರಾಜು ಎರಡನೇ ತಿರುವಿನಲ್ಲೇ ಎಳನೀರಿನವನ ಸ್ಟೂಲ್ ಮೇಲೆ ಕುಸಿದು ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದ.

ಯಲ್ಲಪ್ಪ ಮುಖ್ಯ ರಸ್ತೆಗೆ ಬಿದ್ದ. ಹೊರಡುತ್ತಿದ್ದ ಸಿಟಿ ಬಸ್ಸಿಗೆ ನೇತುಬಿದ್ದ. ಹತ್ತಿಬಿಟ್ಟ!

ವಾಪಸ್ ಓಡಿದೆ. ಸ್ಕೂಟರ್ ಹತ್ತಿದೆ. ಒಂದೇ ಆಳಿನ ಭಾರಕ್ಕೆ ಅದು ಖುಷಿಯಿಂದ ಹಾರಿತು. ಬಿಟಿಎಂ ಲೇಔಟಿನ ಸಿಗ್ನಲ್ಲಿನಲ್ಲಿ ಬಸ್ಸು ಸಿಕ್ಕಿಕೊಂಡಿತ್ತು. ಬೆಂಗಳೂರಿನ ಟ್ರಾಫಿಕ್ಕಿಗೆ ನಾನು ಕೈ ಮುಗಿದದ್ದು ಅದೇ ಮೊದಲು. ಸ್ಕೂಟರ್ ಫುಟ್‌ಪಾತಿಗೆ ಹತ್ತಿಸಿ ಬಸ್ಸಿನೊಳಗೆ ನುಗ್ಗಿದೆ.

ಯಲ್ಲಪ್ಪ ಕಿಟಕಿ ಪಕ್ಕ ಕೂತು ಕರ್ಚೀಫಿನಿಂದ ಮುಖ ಮುಚ್ಚಿಕೊಂಡಿದ್ದ.

“ಲೇಡೀಸ್ ಸೀಟು ಸಾರ್” ಎಂದೆ. “ಏಳ್ತೀರಾ?”

ಕಂಡಕ್ಟರ್ ತಿರುಗಿದ. ಸುತ್ತಲಿನ ಹೆಂಗಸರೆಲ್ಲ ತಿರುಗಿದರು. ಯಲ್ಲಪ್ಪ ಎದ್ದ. ಹೋಗಲು ಜಾಗವಿರಲಿಲ್ಲ.

“ಯಾಕೆ ಓಡಿದ್ರಿ?”

“ಆಣೆ ಹಾಕಿಸ್ಕೊಂಡವ್ರೆ ಮೇಡಂ... ಮಗನ ಕಣ್ಣಿಗೆ ಮಾತ್ರ ಬೀಳ್ಬೇಡ ಅಂತ!”

“ಯಾರ ಮಗ?”

ಬಾಯಿ ಮುಚ್ಚಿದ. ತಡವಾಗಿತ್ತು. ಅವನು ಓಡಿದ್ದು ಕೆಂಪರಾಜುವನ್ನು ಕಂಡು.

“ಚಿಕ್ಕಬೈರಪ್ಪನೋರು!” ಎಂದೆ. “ಏನು ತಗೊಂಡು ಹೋಗ್ತಾರೆ?”

“ಟ್ರ್ಯಾಕ್ಟರ್ ಆಯಿಲ್ಲು... ತಿಂಗಳಿಗೆ ಅರ್ಧ ಲೀಟರ್. ನಮ್ಮಪ್ಪನ ಕಾಲದ ಗಿರಾಕಿ ಮೇಡಂ. ಟ್ರ್ಯಾಕ್ಟರ್ ಮಾರಿ ಎಷ್ಟೋ ವರ್ಷ ಆಯ್ತಲ್ಲ ಯಜಮಾನ್ರೇ ಅಂದ್ರೆ, ನೀನು ಕೊಡು ಅಂತಾರೆ.”

ಕೆಂಪರಾಜುವನ್ನು ಎಳನೀರಿನ ಹತ್ತಿರವೇ ಬಿಟ್ಟೆ. ಮೊದಲು ಯಜಮಾನರ ಬಾಯಿಂದ ಕೇಳಬೇಕಿತ್ತು, ಮಗನ ಗುಡುಗಿಲ್ಲದೆ. ಹುಳಿಮಾವಿನ ಅವರ ಮನೆಯ ದಾರಿ ಹಿಡಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು.

“ಮೇಡಂ! ಎಲ್ಲಿ ತಪ್ಪಿಸ್ಕೊಂಡ್ರಿ? ಆಟೋ ಹತ್ತಿದ್ದೀನಿ. ನೆಟ್ಟಗೆ ಗ್ಯಾರೇಜಿಗೆ. ಐದು ಅಂದ್ರೆ ಐದು!”

ಚಿಕ್ಕಬೈರಪ್ಪನವರು ಜಗಲಿಯ ಮೇಲೆ ಕೂತು ಖಾಲಿ ಕಾರ್ ಶೆಡ್ಡು ನೋಡುತ್ತಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು. ನಾನು ಚೀಲ ಮುಂದಿಟ್ಟೆ. ಅವರು ಅದನ್ನು ನೋಡಿ ನಿಟ್ಟುಸಿರಿಟ್ಟರು.

“ಎಲ್ಲ ಹೇಳ್ಬಿಟ್ನಾ ಯಲ್ಲಪ್ಪ?”

“ಅರ್ಧ. ಉಳಿದರ್ಧ ನೀವು ಹೇಳಿ.”

“ವೇಣು ನನ್ನ ಮುಂದೇನೇ ಹಾಕ್ದ ತಾಯಿ. ಕಣ್ಣಾರೆ ನೋಡ್ದೆ. ನೀರು ಹೊಯ್ದಂಗಿತ್ತು! ಪಾಪ, ಒಳ್ಳೆ ಹುಡುಗ. ಇದೇನಪ್ಪಾ ತೆಳ್ಳಗೆ ಅಂದ್ರೆ ಬೇಜಾರ್ ಮಾಡ್ಕತಾನೆ. ಅದಕ್ಕೇ ಸುಮ್ನೆ ಬಂದೆ. ಹೆಂಗೂ ಮುಚ್ಚಳ ಎಲ್ಲೈತೆ ಅಂತ ತೋರಿಸಿದ್ದ...”

“ನೀವೇ ಗಟ್ಟಿ ಮಾಡಿದ್ರಿ.”

“ಅಮಾವಾಸ್ಯೆಗೊಂದ್ಸಲ ಅರ್ಧ ಲೀಟರ್. ಟ್ರ್ಯಾಕ್ಟರ್‌ಗೆ ಇಪ್ಪತ್ತೆರಡು ವರ್ಷ ಹಂಗೇ ಹಾಕಿದೀನಿ. ಪೂಜೆ ಮಾಡು, ನಿಂಬೆಹಣ್ಣು ಇಡು, ಆಯಿಲ್ ಹಾಕು. ಒಂದಿನ ಕೈ ಕೊಟ್ಟಿಲ್ಲ ಅದು!”

ಎರಡು ತಿಂಗಳು. ಎರಡು ಅಮಾವಾಸ್ಯೆ. ಎರಡನೆಯದು ಮೊನ್ನೆಯಷ್ಟೇ ಕಳೆದಿತ್ತು.

“ಯಜಮಾನ್ರೇ, ಟ್ರ್ಯಾಕ್ಟರ್ ಹಳೇದು. ಆಯಿಲ್ ಕುಡೀತಿತ್ತು, ನೀವು ಹಾಕ್ತಿದ್ರಿ. ಇದು ಹೊಸ ಇಂಜಿನ್ನು. ಕುಡಿಯಲ್ಲ. ನೀವು ಹಾಕಿದ್ದೆಲ್ಲ ಒಳಗೇ ನಿಂತು ಮಜ್ಜಿಗೆ ಕಡೆದಂಗೆ ನೊರೆ ಎದ್ದಿದೆ. ಹೊಗೆ ಬಂದಿದ್ದು ಅದಕ್ಕೇ.”

ಒಳಗಿಂದ ಅವರ ಹೆಂಡತಿ ಲಕ್ಷ್ಮಮ್ಮನವರ ದನಿ ಬಂತು. “ನಾ ಬಡ್ಕೊಂಡೆ! ಅದೇನು ದೇವರ ದೀಪವಾ, ತುಂಬಿಸ್ತಾ ಇರೋಕೆ ಅಂತ!”

ಯಜಮಾನರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಮಗನಿಗೆ ಹೇಳ್ಬೇಡ ತಾಯಿ. ಈಗ್ಲೇ ಕೀ ಕಿತ್ಕೊಂಡವ್ನೆ. ಇದು ಗೊತ್ತಾದ್ರೆ ವಾಪಸ್ ಕೊಡೋದೇ ಇಲ್ಲ. ಬೆಳಗ್ಗೆ ಎದ್ದು ಕೆರೆ ಕಡೆ ಒಂದು ಸುತ್ತು ಹೋಗ್ಬರ್ತೀನಿ... ಅಷ್ಟೇ ನಂಗೆ ಉಳಿದಿರೋ ಖುಷಿ.”

ಸುಳ್ಳು ಹೇಳಲ್ಲ, ಆ ಕ್ಷಣ ಯಲ್ಲಪ್ಪನ ತಲೆಗೆ ಕಟ್ಟಿಬಿಡೋಣ ಅನ್ನಿಸಿತು. ಆದರೆ ಗಂಟೆ ನಾಲ್ಕೂ ಹತ್ತು.

“ಐದಕ್ಕೆ ವೇಣು ಗ್ಯಾರೇಜಿಗೆ ನಿಮ್ಮ ಮಗ ಬೀಗ ಹಾಕ್ತಾನೆ. ಡೂಪ್ಲಿಕೇಟ್ ಆಯಿಲ್ ಹಾಕ್ದ ಅಂತ.”

“ಏನು?!”

ಎದ್ದರು. ಚಪ್ಪಲಿ ಮೆಟ್ಟಿದರು. “ಅದನ್ನ ಮೊದ್ಲು ಹೇಳೋದಲ್ವಾ! ನಡಿ!”

ನಾಲ್ಕು ಐವತ್ತೆಂಟಕ್ಕೆ ಗ್ಯಾರೇಜ್ ಮುಂದೆ ಬ್ರೇಕ್ ಒತ್ತಿದೆ. ಶಟರ್ ಅರ್ಧ ಇಳಿದಿತ್ತು. ವೇಣು ಟೂಲ್ ಬಾಕ್ಸ್ ಹಿಡಿದು ಹೊರಗೆ ನಿಂತಿದ್ದ, ಕಣ್ಣು ಕೆಂಪಗೆ. ಕೆಂಪರಾಜುವಿನ ಕೈಯಲ್ಲಿ ಬೀಗ.

“ಎತ್ತೋ ಶಟರ್ನ!”

ಎಪ್ಪತ್ತೆರಡು ವರ್ಷದ ಎದೆಯಿಂದ ಅಂಥ ದನಿ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

“ಅಪ್ಪಾ? ನೀನ್ಯಾಕೆ...”

“ಕಾರಿಗೆ ಗಟ್ಟಿ ಆಯಿಲ್ ಹೊಯ್ದೋನು ನಾನು. ವೇಣು ಅಲ್ಲ. ನಾನು! ಬೀಗ ಹಾಕೋದಾದ್ರೆ ನನ್ನ ಬಾಯಿಗೆ ಹಾಕು.”

ಕೆಂಪರಾಜು ಬೀಗ ಬೆನ್ನ ಹಿಂದೆ ಸರಿಸಿದ. “ಆದ್ರೂ ಜಾಗ ನಮ್ದು, ಸ್ವಲ್ಪ ಹುಷಾರಾಗಿ...”

“ಖಾತೆ ಯಾರ ಹೆಸರಲ್ಲೈತೆ?”

ಶಟರ್ ಎದ್ದಿತು. ಆರಡಿಯ ಗೂಳಿ ಎರಡೂ ಕೈಯಿಂದ ತಾನೇ ಎತ್ತಿದ!

ವೇಣು ಒಳಗೆ ಹೋದ. ಹೊಸ ಫಿಲ್ಟರ್ ಹಾಕಿದ. ಹೊಸ ಡಬ್ಬ ತಂದ, ಸೀಲ್ ಒಡೆದ, ಸುರಿದ. ಮೂರೂವರೆ. ಒಂದು ಹನಿ ಹೆಚ್ಚಿಲ್ಲ. ಕೀ ತಿರುಗಿಸಿದ. ಮೊದಲು ಒಂದಷ್ಟು ಹೊಗೆ... ನಾವೆಲ್ಲ ಉಸಿರು ಬಿಗಿ ಹಿಡಿದೆವು. ನಿಮಿಷ ಐದಾಯಿತು. ಹತ್ತಾಯಿತು. ಹೊಗೆ ತೆಳುವಾಯಿತು, ನಿಂತಿತು. ಕೆಂಪು ದೀಪ ಆರಿತ್ತು. ಇಂಜಿನ್ನು ಬೆಕ್ಕಿನ ಹಾಗೆ ಗುರುಗುಡುತ್ತಿತ್ತು.

“ಬಚಾವ್ ಅಣ್ಣ” ಎಂದ ವೇಣು. “ಇನ್ನೊಂದು ವಾರ ಓಡಿಸಿದ್ರೆ ಇಂಜಿನ್ ಹೋಗ್ತಿತ್ತು. ಮುಂದಿನ ಆಯಿಲ್ ಇನ್ನು ಹತ್ತು ಸಾವಿರ ಕಿಲೋಮೀಟರ್‌ಗೆ, ಇಲ್ಲಾ ಒಂದು ವರ್ಷಕ್ಕೆ, ಯಾವ್ದು ಮೊದ್ಲೋ ಅದು. ಬಿಲ್ ಇಟ್ಕೊಳಿ, ವಾರಂಟಿಗೆ ಬೇಕಾಗುತ್ತೆ.”

ಕೆಂಪರಾಜು ನೆಲ ನೋಡಿದ. “ಸಾರಿ ವೇಣು... ತಲೆ ಕೆಟ್ಟಿತ್ತು.” ಆಮೇಲೆ ಜೇಬಿನಿಂದ ಕೀ ಗೊಂಚಲು ತೆಗೆದ. ಬಹಳ ಹೊತ್ತು ಕೈಯಲ್ಲೇ ಆಡಿಸಿದ. ಕೊನೆಗೆ ಅಪ್ಪನ ಅಂಗೈಯಲ್ಲಿಟ್ಟ. ಯಜಮಾನರ ಮುಖ ಅರಳಿದ್ದು ನೋಡಿ ನನಗೂ ಸಖತ್ ಖುಷಿಯಾಯಿತು.

“ವೇಣು, ಒಂದು ಮಾತು” ಎಂದರು ಅವರು. “ಮುಂದಿನ ಅಮಾವಾಸ್ಯೆಗೆ ನಾನೇನು ಮಾಡ್ಲಿ?”

“ಕಡ್ಡಿ ತೆಗೀರಿ, ಒರೆಸಿ, ನೋಡಿ, ವಾಪಸ್ ಇಡಿ ಯಜಮಾನ್ರೇ.”

“ಹೊಯ್ಯೋದು?”

“ಹೊಯ್ಯೋ ಹಾಗಿಲ್ಲ.”

“ಬರೀ ನೋಡೋದಾ?”

“ಬರೀ ನೋಡೋದು.”

ಯಜಮಾನರು ಇಂಜಿನ್ ಕಡೆ ನೋಡಿದರು. ಮಗನ ಕಡೆ ನೋಡಿದರು, ತಲೆಯಿಂದ ಕಾಲಿನವರೆಗೆ, ಆ ಇಡೀ ಆರಡಿಯನ್ನು.

“ಇವನಿಗೂ ಹಂಗೇ ಮಾಡ್ಬೇಕಿತ್ತು ಕಣಪ್ಪಾ... ತುಪ್ಪ ಜಾಸ್ತಿ ಹೊಯ್ದುಬಿಟ್ಟೆ!”